ಅಂತರ್ಗತ ಭಾಗಗಳ ಋಣನಿರ್ದೇಶ: ಕೇಶಿರಾಜನ ಪ್ರಯೋಗಗಳೂ ಗಣಕದ ಮುಕ್ತ ತಂತ್ರಾಂಶಗಳೂ

(೧)

ಪರಕೃತಿಯ ಭಾಗಗಳನ್ನು ಸ್ವಕೃತಿಯಲ್ಲಿ ಸೇರಿಸಿಕೊಳ್ಳುವವನು ಆ ಭಾಗಗಳ ಕರ್ತೃವನ್ನು ಎಲ್ಲಿ, ಯಾವ ಕ್ರಮದಿಂದ ನಿರ್ದೇಶಿಸಬೇಕು ಎಂಬ ವಿಚಾರವು ನಮ್ಮ ಶಾಸ್ತ್ರಕಾರರಿಗೆ ಅಪರಿಚಿತವಾದುದಲ್ಲ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಶಬ್ದಾರ್ಥಹರಣದ ಪ್ರಭೇದಗಳಿಗೆಂದೇ ಕೆಲವು ಅಧ್ಯಾಯಗಳನ್ನು ಮೀಸಲಿಟ್ಟಿರುವನು. ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಇಬ್ಬರು ಕವಿಗಳ ಉಕ್ತಿಗಳಿಗೆ ಉಂಟಾಗುವ ಸಂವಾದವನ್ನು ಪ್ರತಿಬಿಂಬ, ಆಲೇಖ್ಯ, ತುಲ್ಯದೇಹಿ ಎಂದು ಮೂರು ಬಗೆಯಾಗಿ ವಿಂಗಡಿಸಿರುವನು. ಕನ್ನಡದಲ್ಲಿ ದುರ್ಗಸಿಂಹನು ಕ್ರಿ. ಶ. ೧೦೩೧ರ ಸುಮಾರಿನಲ್ಲಿ ಪಂಚತಂತ್ರವನ್ನು ರಚಿಸುವಾಗ ತಾನು ಅನುಸರಿಸಿದುದು ವಸುಭಾಗಭಟ್ಟನ ಪಾಠವನ್ನೆಂದು ಸ್ಪಷ್ಟವಾಗಿ ಹೇಳಿರುವನು. ಆ ಒಂದು ಮಾತಿನಿಂದಲೇ ವಿಷ್ಣುಶರ್ಮನ ಪಾಠಕ್ಕಿಂತ ಭಿನ್ನವಾದ ಒಂದು ಪರಂಪರೆಯ ಇರವು ನಮಗೆ ಗೋಚರವಾಯಿತು.

ಈ ಹಳೆಯ ಪ್ರಶ್ನೆಯೇ ಕಳೆದ ಮೂರು ನಾಲ್ಕು ದಶಕಗಳಲ್ಲಿ ಗಣಕಯಂತ್ರದ ತಂತ್ರಾಂಶಗಳ ವಿಷಯದಲ್ಲಿ ಮತ್ತೆ ಎದ್ದು, ನ್ಯಾಯಸ್ಥಾನಗಳವರೆಗೂ ಹೋಗಿ, ಒಂದು ಬಗೆಯ ನಿರ್ಣಯವನ್ನು ಪಡೆದಿದೆ. ಆ ನಿರ್ಣಯದ ಚರಿತ್ರೆಯನ್ನು ಸಂಗ್ರಹವಾಗಿ ತಿಳಿಸಿ, ಅದರಿಂದ ಗ್ರಂಥಸಂಪಾದಕರೂ ಶಾಸನಾಭ್ಯಾಸಿಗಳೂ ಗ್ರಹಿಸಬೇಕಾದ ಅಂಶವೇನೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಋಣನಿರ್ದೇಶವೆಂಬುದು ಕೇವಲ ಸೌಜನ್ಯವಲ್ಲ. ಸೇರಿಸಿಕೊಂಡ ಭಾಗದಲ್ಲಿ ದೋಷವು ಕಂಡಾಗ ಅದರ ಮೂಲವನ್ನು ಮುಟ್ಟಿ ತಿದ್ದುವುದಕ್ಕೆ ಅದೊಂದೇ ದಾರಿ ಎಂಬುದು ಇಲ್ಲಿ ಪ್ರತಿಪಾದ್ಯವಾದ ವಿಷಯ.

(೨)

ಮೊದಲು ಪರಿಭಾಷೆಯನ್ನು ತಿಳಿಸುವುದು ಉಚಿತ. ಗಣಕಯಂತ್ರಕ್ಕೆ ವಿಧಿಗಳನ್ನು ಕೊಡುವ ಲೇಖವೇ ತಂತ್ರಾಂಶ. ಮನುಷ್ಯರು ಓದಿ ತಿದ್ದಬಹುದಾದ ಅದರ ರೂಪಕ್ಕೆ ಮೂಲಲೇಖವೆಂದು ಹೆಸರಿಡೋಣ. ಈ ಮೂಲಲೇಖವನ್ನು ಲೋಕಕ್ಕೆ ತೆರೆದಿಟ್ಟು, ಯಾರು ಬೇಕಾದರೂ ಉಪಯೋಗಿಸಿ, ಮಾರ್ಪಡಿಸಿ, ಹಂಚಬಹುದೆಂದು ಅನುಮತಿಕೊಟ್ಟರೆ ಅದು ಮುಕ್ತ ತಂತ್ರಾಂಶ, ಅಥವಾ ಬಳಕೆಯ ಮಾತಿನಲ್ಲಿ ಓಪನ್ ಸೋರ್ಸ್. ಆ ಅನುಮತಿಯ ನಿಬಂಧನೆಗಳನ್ನು ಹೇಳುವ ಪತ್ರವೇ ಲೈಸೆನ್ಸು. ಒಬ್ಬನು ರಚಿಸಿದ ತಂತ್ರಾಂಶದೊಳಗೆ ಮತ್ತೊಬ್ಬರ ಭಾಗವು ಹಾಗೆಯೇ ಅಡಕವಾಗಿದ್ದರೆ ಅದನ್ನು ಅಂತರ್ಗತ ಭಾಗವೆಂದು ಕರೆಯಬಹುದು.

ಈ ವಿಚಾರವು ಚರಿತ್ರಾಭ್ಯಾಸಿಗಳಿಗೆ ದೂರದ್ದೆಂದು ತೋರಬಹುದು, ಆದರೆ ಹಾಗಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಶಾಸನಗಳು ಬಿ. ಎಲ್. ರೈಸರ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ, ಅಂದರೆ ೧೯೦೫ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕೋಲಾರ ಜಿಲ್ಲೆಯ ಸಂಪುಟದಲ್ಲಿ, ಪ್ರಕಟವಾಗಿವೆ. ಒಬ್ಬ ಅಧ್ಯಾಪಕನು ಈ ಶಾಸನಪಾಠಗಳನ್ನು ಗಣಕಕ್ಕೆ ಇಳಿಸಬೇಕೆಂದು ಹೊರಟನೆನ್ನೋಣ. ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವುದಕ್ಕೆ ಅವನು ಪ್ರಾಯಿಕವಾಗಿ ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶವನ್ನು ಹಿಡಿಯುವನು. ಇದು ೧೯೮೫ರಿಂದ ೧೯೯೪ರವರೆಗೆ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಬೆಳೆದು ೨೦೦೫ರಲ್ಲಿ ಲೋಕಕ್ಕೆ ಬಿಡುಗಡೆಯಾದುದು. ಚಿತ್ರವನ್ನು ಓದುವುದಕ್ಕೆ ಟೆಸೆರಾಕ್ಟ್ ತಾನೇ ಶಕ್ತವಲ್ಲ. ಅದು ಲೆಪ್ಟೋನಿಕಾ ಎಂಬ ಬೇರೊಬ್ಬರ ಕೃತಿಯನ್ನು ಆಶ್ರಯಿಸಿದೆ. ಲೆಪ್ಟೋನಿಕಾ ಕೆಲವು ಬಗೆಯ ಚಿತ್ರಗಳನ್ನು ಬಿಚ್ಚಿ ಓದುವುದಕ್ಕೆ ಝಡ್‌ಲಿಬ್ ಎಂಬ ಮತ್ತೊಂದನ್ನು ಆಶ್ರಯಿಸುವುದು. ಹೀಗೆ ನಂದಿಗ್ರಾಮದ ಒಂದು ಶಾಸನದ ಪಾಠವು ನಮ್ಮ ಮೇಜಿನ ಮೇಲೆ ಬರುವ ಮುನ್ನ ಎಷ್ಟೋ ಜನರ ಕೈಗಳನ್ನು ಹಾದು ಬಂದಿರುವುದು. ಅವರಲ್ಲಿ ಯಾರ ಹೆಸರೂ ಓದುಗನ ಕಣ್ಣಿಗೆ ಬೀಳುವುದಿಲ್ಲ. ಕಲ್ಲಿನಿಂದ ಅಚ್ಚು ತೆಗೆದು ಪಾಠವನ್ನು ಸಿದ್ಧಪಡಿಸಿದ ಪಂಡಿತರ ಹೆಸರನ್ನು ಬಿಟ್ಟು ನಾವೆಲ್ಲರೂ ಆ ಸಂಪುಟವನ್ನು ರೈಸರದೆಂದು ಮಾತ್ರ ಉಲ್ಲೇಖಿಸುವುದಕ್ಕೂ ಇದಕ್ಕೂ ಹೋಲಿಕೆಯುಂಟು.

(೩)

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು. ಕೊಟ್ಟವನು ಉಚಿತವಾಗಿಯೇ ಕೊಟ್ಟಿರುವಾಗ ಹೆಸರನ್ನು ಹೇಳಲಿಲ್ಲವೆಂದರೆ ಅವನಿಗೆ ಆದ ನಷ್ಟವೇನು? ದಾನಮಾಡಿದ ವಸ್ತುವಿನಲ್ಲಿ ದಾನಿಗೆ ಉಳಿಯುವ ಸ್ವತ್ವವಾದರೂ ಏನು?

ಈ ಆಕ್ಷೇಪಕ್ಕೆ ನಮ್ಮ ಶಾಸನಗಳೇ ಸಮಾಧಾನವನ್ನು ಹೇಳುತ್ತವೆ. ದಾನಶಾಸನವು ಕೇವಲ ಕೊಟ್ಟೆನೆಂದು ಹೇಳಿ ನಿಲ್ಲುವುದಿಲ್ಲ. ಕೊಟ್ಟವನಾರು, ಯಾವ ಕಾರ್ಯಕ್ಕಾಗಿ, ಯಾವ ಎಲ್ಲೆಯೊಳಗೆ, ಯಾರ ಸಾಕ್ಷಿಯಲ್ಲಿ ಎಂಬುದನ್ನು ಹೇಳಿ, ಕೆಡಿಸಿದವರಿಗೆ ಶಾಪವನ್ನೂ ವಿಧಿಸುವುದು. ಎಷ್ಟೋ ಕಡೆ ಬರೆದವನ ಮತ್ತು ಕೊರೆದವನ ಹೆಸರೂ ಕೊನೆಯಲ್ಲಿರುವುದು. ಕೆರೆಯನ್ನು ಕಟ್ಟಿದವನಿಗೆ ಕೊಡುತ್ತಿದ್ದ ಕಟ್ಟುಕೊಡಗೆಯು ಉಚಿತವಾದ ಭೂಮಿಯೇ ಆದರೂ, ಕೆರೆಯನ್ನು ನೋಡಿಕೊಳ್ಳಬೇಕೆಂಬ ಹೊಣೆಯು ಅದರೊಡನೆ ಸಾಗುತ್ತಿತ್ತು. ದಾನವೆಂಬುದಕ್ಕೂ ನಿಬಂಧನೆಯೆಂಬುದಕ್ಕೂ ವಿರೋಧವಿಲ್ಲವೆಂಬುದು ಇದರಿಂದ ಸಿದ್ಧವಾಗುವುದು. ನಂದಿಯ ಭೋಗನಂದೀಶ್ವರ ದೇವಾಲಯದ ಪ್ರಾಚೀನ ಶಾಸನವು ಸುಮಾರು ಕ್ರಿ. ಶ. ೮೦೬ರದು, ಬಾಣರಾಜರ ತಾಮ್ರಪಟಗಳು ಸುಮಾರು ೮೧೦ರವು. ಆಮೇಲೆ ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಆ ದೇವಾಲಯಕ್ಕೆ ಆಶ್ರಯವಿತ್ತರು. ಹಿಂದಿನವರ ಲೇಖಗಳು ಉಳಿದುಬಂದುದರಿಂದಲೇ ಯಾವುದು ಯಾರ ಕಾಲದ್ದೆಂದು ಇಂದು ವಿವೇಚಿಸುವುದು ಸಾಧ್ಯವಾಗಿದೆ.

ಮುಕ್ತ ತಂತ್ರಾಂಶದ ವಿಷಯದಲ್ಲಿ ಇದೇ ಪೂರ್ವಪಕ್ಷವು ಅಮೆರಿಕದ ನ್ಯಾಯಸ್ಥಾನದಲ್ಲಿ ವಿಚಾರಣೆಗೆ ಬಂದಿತು. ಜೇಕಬ್‌ಸನ್–ಕಾಟ್ಜರ್ ವ್ಯಾಜ್ಯವೆಂದು ಅದು ಪ್ರಸಿದ್ಧವಾಗಿದೆ. ಆಟಿಕೆಯ ರೈಲುಗಾಡಿಗಳನ್ನು ಗಣಕದಿಂದ ನಡೆಸುವುದಕ್ಕಾಗಿ ಹಲವರು ಸೇರಿ ರಚಿಸಿ ಉಚಿತವಾಗಿ ಹಂಚಿದ್ದ ಕೆಲವು ಲೇಖಗಳನ್ನು ಪ್ರತಿವಾದಿಯು ತನ್ನ ಮಾರಾಟದ ತಂತ್ರಾಂಶದಲ್ಲಿ ಸೇರಿಸಿಕೊಂಡಿದ್ದನು. ಕರ್ತೃಗಳ ಹೆಸರೂ, ಕೃತಿಸ್ವಾಮ್ಯದ ಸೂಚನೆಯೂ, ಮೂಲವು ಎಲ್ಲಿ ದೊರೆಯುವುದೆಂಬ ನಿರ್ದೇಶವೂ, ತಾನು ಏನನ್ನು ಬದಲಿಸಿದೆನೆಂಬ ವಿವರವೂ ಅದರಲ್ಲಿರಲಿಲ್ಲ. ಇವು ಕೇವಲ ಒಪ್ಪಂದದ ಮಾತುಗಳೆಂದೂ, ಇವನ್ನು ಮೀರಿದರೆ ಕೃತಿಸ್ವಾಮ್ಯಕ್ಕೆ ಭಂಗವಿಲ್ಲವೆಂದೂ ಕೆಳಗಿನ ನ್ಯಾಯಸ್ಥಾನವು ಭಾವಿಸಿತು. ೨೦೦೮ನೆಯ ಇಸವಿ ಆಗಸ್ಟ್ ೧೩ರಂದು ಮೇಲಿನ ನ್ಯಾಯಸ್ಥಾನವು ಆ ಮತವನ್ನು ನಿರಾಕರಿಸಿತು. ಹಣವನ್ನು ಪಡೆಯದಿದ್ದರೂ ಹೆಸರಿನ ಉಳಿವು, ಮಾರ್ಪಾಡುಗಳ ಅರಿವು, ಮೂಲದ ಕಡೆಗೆ ಓದುಗರ ಬರವು ಇವೆಲ್ಲವೂ ಕರ್ತೃವಿಗೆ ಲಾಭವೇ. ಆದುದರಿಂದ ಅವು ಅನುಮತಿಯ ಷರತ್ತುಗಳೇ ಆಗಬಲ್ಲವು, ಷರತ್ತನ್ನು ಮೀರಿದವನಿಗೆ ಅನುಮತಿಯೇ ಇಲ್ಲ ಎಂಬುದು ಅದರ ತಾತ್ಪರ್ಯ.

ನಮ್ಮ ದೇಶದ ವಿಧಿಯೂ ಇದಕ್ಕೆ ಹತ್ತಿರವಾಗಿಯೇ ಇದೆ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೫೭ನೆಯ ಪ್ರಕರಣದಂತೆ, ಕರ್ತೃವು ತನ್ನ ಸ್ವಾಮ್ಯವನ್ನು ಪರರಿಗೆ ಒಪ್ಪಿಸಿದ ಮೇಲೂ ಆ ಕೃತಿಯು ತನ್ನದೆಂದು ಹೇಳಿಕೊಳ್ಳುವ ಹಕ್ಕು ಅವನಲ್ಲಿ ಉಳಿಯುವುದು. ಆ ಕಾಯಿದೆಯಲ್ಲಿ ಸಾಹಿತ್ಯಕೃತಿಯೆಂಬ ಶಬ್ದವು ಗಣಕದ ತಂತ್ರಾಂಶಗಳನ್ನೂ ಒಳಗೊಳ್ಳುವುದೆಂಬುದು ಸಾಹಿತ್ಯಾಧ್ಯಾಪಕರು ಗಮನಿಸತಕ್ಕ ಮಾತು.

(೪)

ಹೆಸರನ್ನು ಹೇಳಬೇಕೆಂಬುದು ಸಿದ್ಧವಾದರೂ, ಹೇಗೆ ಹೇಳಬೇಕೆಂಬುದು ಉಳಿಯುವುದು. ಈ ವಿಷಯದಲ್ಲಿ ಕನ್ನಡ ವಾಙ್ಮಯದ ಎರಡು ಗ್ರಂಥಗಳು ಎರಡು ಮಾರ್ಗಗಳಿಗೆ ಉದಾಹರಣೆಗಳಾಗಿವೆ.

ಕೇಶಿರಾಜನು ೧೩ನೆಯ ಶತಮಾನದಲ್ಲಿ ರಚಿಸಿದ ಶಬ್ದಮಣಿದರ್ಪಣದ ಪೀಠಿಕೆಯಲ್ಲಿ ತನಗೆ ಪ್ರಮಾಣರಾದ ಕವಿಗಳನ್ನು ಹೆಸರಿಸಿರುವನು. ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಹೊನ್ನ, ಹಂಪ, ಸುಜನೋತ್ತಂಸ ಎಂಬ ಹೆಸರುಗಳು ಅಲ್ಲಿ ಬರುತ್ತವೆ. ಆತನು ಋಣವನ್ನು ಮರೆತವನೆಂದು ಯಾರೂ ಹೇಳಲಾರರು. ಆದರೆ ವೃತ್ತಿಯಲ್ಲಿ ಒಂದೊಂದು ಸೂತ್ರಕ್ಕೂ ಪ್ರಯೋಗಗಳನ್ನು ಎತ್ತಿಕೊಡುವಾಗ ಇದು ಇಂಥವನದೆಂದು ಪ್ರಾಯಿಕವಾಗಿ ಹೇಳಿಲ್ಲ. ಉಪಲಬ್ಧವಾದ ಕಾವ್ಯಗಳಿಂದ ತೆಗೆದ ಪ್ರಯೋಗಗಳನ್ನು ಆಯಾ ಕಾವ್ಯಗಳೊಡನೆ ಹೋಲಿಸಿ ಗುರುತಿಸಬಹುದು. ಆದರೆ ಗಜಗ, ಗುಣನಂದಿ, ಮನಸಿಜ, ಚಂದ್ರಭಟ್ಟರ ಕೃತಿಗಳು ನಮಗೆ ದೊರೆತಿಲ್ಲ. ಅವರ ಪದ್ಯಗಳು ಶಬ್ದಮಣಿದರ್ಪಣದ ವೃತ್ತಿಯಲ್ಲಿ ನಮ್ಮ ಕಣ್ಣೆದುರಿಗೇ ಇರಬಹುದು; ಇದ್ದರೂ ಇದು ಅವರದೆಂದು ಕೈಯಿಟ್ಟು ತೋರಿಸುವ ಹಾಗಿಲ್ಲ. ಹೆಸರು ಒಂದು ಕಡೆ ಉಳಿಯಿತು, ಪದ್ಯವು ಮತ್ತೊಂದು ಕಡೆ ಉಳಿಯಿತು. ಎರಡನ್ನೂ ಕೂಡಿಸುವ ಸೂತ್ರವು ಮಾತ್ರ ಹರಿಯಿತು.

ಇದಕ್ಕೆ ಪ್ರತಿಯಾದ ಮಾರ್ಗವು ಶೂನ್ಯಸಂಪಾದನೆಯದು. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲಾಗಿ ಗೂಳೂರು ಸಿದ್ಧವೀರಣೊಡೆಯನವರೆಗೆ ನಾಲ್ವರು ಸಂಕಲನಕಾರರು ಅನೇಕ ಶರಣರ ವಚನಗಳನ್ನು ಒಂದೇ ಸಂವಾದದ ಬಂಧದಲ್ಲಿ ಹೊಂದಿಸಿದರು. ಸಂಕಲನವು ಅವರದಾದರೂ, ಬಸವಣ್ಣನ ವಚನದಲ್ಲಿ ಕೂಡಲಸಂಗಮದೇವ, ಅಲ್ಲಮನ ವಚನದಲ್ಲಿ ಗುಹೇಶ್ವರ, ಅಕ್ಕನ ವಚನದಲ್ಲಿ ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತವು ಭಾಗದೊಳಗೇ ಹೆಣೆದುಕೊಂಡಿದೆ. ಪೀಠಿಕೆಯು ಹರಿದುಹೋದರೂ, ಒಂದು ಗರಿ ಮಾತ್ರ ಉಳಿದರೂ, ಆ ವಚನವು ಯಾರದೆಂದು ತಿಳಿಯುವುದು.

ಅಂಕಿತದಿಂದ ಎಲ್ಲ ಸಂದೇಹವೂ ನೀಗುವುದೆಂದು ಇದರ ಅರ್ಥವಲ್ಲ. ಪ್ರಸಿದ್ಧರ ಅಂಕಿತವನ್ನಿಟ್ಟು ಪರರು ರಚಿಸಿದ ಪ್ರಕ್ಷಿಪ್ತಗಳು ಎಲ್ಲ ಪರಂಪರೆಗಳಲ್ಲಿಯೂ ಸಂಪಾದಕರನ್ನು ಕಾಡಿವೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣಯತೀಂದ್ರರು ತೆಲುಗು ಕನ್ನಡಗಳೆರಡರಲ್ಲಿಯೂ ಅಮರನಾರೇಯಣನ ಅಂಕಿತದಿಂದ ಕೀರ್ತನೆಗಳನ್ನು ರಚಿಸಿದರು. ಭಜನೆಯ ಪುಸ್ತಕಗಳಲ್ಲಿ ಅವರ ಪದಗಳು ಇತರರ ಪದಗಳೊಡನೆ ಬೆರೆತಾಗಲೂ ಆ ಅಂಕಿತವೇ ಅವನ್ನು ಬೇರ್ಪಡಿಸುವುದು. ಹೀಗಿರುವಲ್ಲಿ ಅವರ ಪದದಿಂದ ಅಂಕಿತವನ್ನು ಕಿತ್ತುಹಾಕುವುದು ಒಂದು ದೋಷ. ತಾನು ಬರೆದ ಪದಕ್ಕೆ ಅವರ ಅಂಕಿತವನ್ನು ಹಚ್ಚುವುದು ಅದಕ್ಕೆ ಸಮನಾದ ಇನ್ನೊಂದು ದೋಷ. ಋಣನಿರ್ದೇಶಕ್ಕೆ ಈ ಎರಡು ಮುಖಗಳಿರುವುವೆಂಬುದನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

(೫)

ತಂತ್ರಾಂಶದ ಕರ್ತೃಗಳು ತಮ್ಮ ಹೆಸರನ್ನೂ ನಿಬಂಧನೆಯನ್ನೂ ಮೂಲಲೇಖದ ಆದಿಯಲ್ಲಿ ಟಿಪ್ಪಣಿಯಾಗಿ ಬರೆಯುವ ರೂಢಿಯುಂಟು. ಆದರೆ ಮೂಲಲೇಖವನ್ನು ಯಂತ್ರಭಾಷೆಗೆ ಪರಿವರ್ತಿಸಿದಾಗ ಈ ಟಿಪ್ಪಣಿಗಳು ಲೋಪವಾಗುತ್ತವೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಒಬ್ಬೊಬ್ಬ ಬೆಳೆಗಾರನ ರೇಷ್ಮೆಗೂಡೂ ಬೇರೆಬೇರೆ ಲಾಟಾಗಿ ಹರಾಜಾಗುವುದು. ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ನೂಲು ತೆಗೆದ ಮೇಲೆ ಯಾವ ಎಳೆಯು ಯಾರ ಮನೆಯದೆಂದು ನೂಲನ್ನು ನೋಡಿ ಹೇಳಲಾಗದು. ತಂತ್ರಾಂಶದ ಸ್ಥಿತಿಯೂ ಹಾಗೆಯೇ. ಆದುದರಿಂದ ಮೂಲಲೇಖದಲ್ಲಿರುವ ಹೆಸರು ಸಾಲದು, ಅದರೊಡನೆ ಸಾಗುವ ಬೇರೊಂದು ಪತ್ರವೂ ಬೇಕೆಂಬುದನ್ನು ಲೈಸೆನ್ಸುಕಾರರು ಮನಗಂಡರು.

ಇದು ಒಮ್ಮೆಗೇ ಸಾಧಿಸಿದ ವ್ಯವಸ್ಥೆಯಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬಿಎಸ್‌ಡಿ ಲೈಸೆನ್ಸಿನಲ್ಲಿ, ಈ ತಂತ್ರಾಂಶವನ್ನು ಹೆಸರಿಸುವ ಜಾಹೀರಾತುಗಳಲ್ಲೆಲ್ಲ ವಿಶ್ವವಿದ್ಯಾನಿಲಯದ ಋಣವನ್ನು ಒಪ್ಪಿಕೊಳ್ಳಬೇಕೆಂಬ ಒಂದು ವಿಧಿಯಿತ್ತು. ಅದನ್ನು ಅನುಕರಿಸಿದ ಇತರರು ತಮ್ಮ ತಮ್ಮ ಹೆಸರನ್ನು ಅಲ್ಲಿ ತುಂಬಿದರು. ಪರಿಣಾಮವಾಗಿ ನೆಟ್‌ಬಿಎಸ್‌ಡಿಯ ೧೯೯೭ರ ಒಂದು ಆವೃತ್ತಿಯಲ್ಲಿ ಇಂತಹ ವಾಕ್ಯಗಳು ೭೫ ಇದ್ದುವೆಂದು ರಿಚರ್ಡ್ ಸ್ಟಾಲ್‌ಮನ್ ಎಣಿಸಿ ತೋರಿಸಿದರು. ಒಂದು ಜಾಹೀರಾತಿನಲ್ಲಿ ೭೫ ಋಣವಾಕ್ಯಗಳನ್ನು ಅಚ್ಚುಹಾಕಿಸುವವರಾರು? ೧೯೯೯ನೆಯ ಜುಲೈ ೨೨ರಂದು ವಿಶ್ವವಿದ್ಯಾನಿಲಯವು ಆ ವಿಧಿಯನ್ನು ಕೈಬಿಟ್ಟಿತು. ಲೈಸೆನ್ಸಿನ ಸೂಚನೆಯು ಕೃತಿಯೊಡನೆ ಇರಬೇಕೆಂಬ ವಿಧಿಯನ್ನಾದರೋ ಹಾಗೆಯೇ ಉಳಿಸಿಕೊಂಡಿತು. ಘೋಷಣೆಯು ಹೋಗಿ ದಾಖಲೆಯು ನಿಂತುದು ಇದರಲ್ಲಿ ಗಮನಾರ್ಹವಾದ ಅಂಶ.

೨೦೦೪ರ ಜನವರಿಯ ಅಪಾಚೆ ಲೈಸೆನ್ಸಿನ ಎರಡನೆಯ ಆವೃತ್ತಿಯು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮೂಲಕೃತಿಯಲ್ಲಿ ನೋಟಿಸ್ ಎಂಬ ಪತ್ರವಿದ್ದರೆ, ಅದರಲ್ಲಿ ಹೇಳಿದ ಋಣನಿರ್ದೇಶಗಳನ್ನು ತಜ್ಜನ್ಯ ಕೃತಿಗಳಲ್ಲಿಯೂ ಓದುಗರಿಗೆ ಕಾಣುವಂತೆ ಸಾಗಿಸಬೇಕು. ತಾನು ಮಾರ್ಪಡಿಸಿದ ಲೇಖಗಳಲ್ಲಿ ಮಾರ್ಪಡಿಸಿದುದನ್ನೂ ಹೇಳಬೇಕು. ೧೯೯೫ರಿಂದ ಬಳಕೆಗೆ ಬಂದ ಝಡ್‌ಲಿಬ್‌ನ ಲೈಸೆನ್ಸು ಬಹಳ ಸಂಕ್ಷಿಪ್ತವಾದುದು. ಮೂಲವನ್ನು ತಾನು ಬರೆದೆನೆಂದು ಹೇಳಿಕೊಳ್ಳಬಾರದು; ಬದಲಿಸಿದ ಪಾಠವನ್ನು ಮೂಲಪಾಠವೆಂದು ಬಿಂಬಿಸಬಾರದು; ಮೂಲಲೇಖದಿಂದ ಈ ಸೂಚನೆಯನ್ನು ತೆಗೆಯಬಾರದು. ಹೆಸರನ್ನು ಅಳಿಸಬಾರದು, ಹೆಸರನ್ನು ಸಲ್ಲದ ಕಡೆ ಹಚ್ಚಲೂ ಬಾರದು ಎಂದು ಮೇಲೆ ಅಂಕಿತದ ಪ್ರಸಂಗದಲ್ಲಿ ಹೇಳಿದ ಎರಡು ಮುಖಗಳೂ ಇಲ್ಲಿ ಬಂದಿರುವುವು.

ಈ ಎರಡನೆಯ ಮುಖವು ಅಕ್ಷರಮಾದರಿಗಳ, ಅಂದರೆ ಫಾಂಟುಗಳ, ಲೈಸೆನ್ಸಿನಲ್ಲಿ ಇನ್ನೂ ಸ್ಫುಟವಾಗಿದೆ. ೨೦೦೭ರ ಫೆಬ್ರವರಿ ೨೬ರ ಎಸ್‌ಐಎಲ್ ಮುಕ್ತ ಫಾಂಟು ಲೈಸೆನ್ಸಿನಲ್ಲಿ ಕರ್ತೃವು ತನ್ನ ಫಾಂಟಿನ ಹೆಸರನ್ನು ಕಾದಿರಿಸಿಕೊಳ್ಳಬಹುದು. ಆಗ ಅದನ್ನು ಯಾರು ಬೇಕಾದರೂ ತಿದ್ದಬಹುದು. ಆದರೆ ತಿದ್ದಿದವರು ಬೇರೆ ಹೆಸರನ್ನಿಡಬೇಕು, ಕರ್ತೃವಿನ ಸೂಚನೆಯನ್ನಂತೂ ಉಳಿಸಲೇಬೇಕು. ಕನ್ನಡದ ಫಾಂಟುಗಳಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ಮೂಲಕ ಬಂದ ಲೋಹಿತ್ ಮಾಲೆಯು ಮೊದಲು ಜಿಪಿಎಲ್ ಎಂಬ ಲೈಸೆನ್ಸಿನಲ್ಲಿದ್ದು ೨೦೧೧ರಲ್ಲಿ ಇದಕ್ಕೆ ಬದಲಾಯಿತು. ಗೂಗಲ್ ಸಂಸ್ಥೆಯ ನೋಟೋ ಮಾಲೆಯು ಅಪಾಚೆಯಿಂದ ೨೦೧೫ರಲ್ಲಿ ಬದಲಾಯಿತು. ಫಾಂಟು ಎಂಬುದು ನಾವು ಸಿದ್ಧಪಡಿಸುವ ಪತ್ರದೊಳಗೇ ಅಡಕವಾಗಿ ಪ್ರಯಾಣಮಾಡುವ ವಸ್ತು. ಫಾಂಟಿನ ನಿಬಂಧನೆಯು ಪತ್ರಕ್ಕೂ ಅಂಟುವುದೇ ಎಂಬ ಶಂಕೆಗೆ ಅವಕಾಶವಿರಬಾರದೆಂದು ಎಸ್‌ಐಎಲ್ ಲೈಸೆನ್ಸು ಅಂಟುವುದಿಲ್ಲವೆಂದೇ ವಿಧಿಸಿದೆ.

ಇನ್ನು ಭಾಗಭಾಗಕ್ಕೂ ಹೆಸರನ್ನು ಕೂಡಿಸುವ ಸೂತ್ರದ ವಿಷಯ. ೨೦೧೦ರಿಂದ ರೂಪುಗೊಂಡ ಎಸ್‌ಪಿಡಿಎಕ್ಸ್ ಎಂಬ ಸಂಕೇತಪದ್ಧತಿಯಲ್ಲಿ ಪ್ರತಿಯೊಂದು ಲೈಸೆನ್ಸಿಗೂ ಒಂದು ಸ್ಥಿರವಾದ ಸಂಕ್ಷೇಪವುಂಟು; ಅದನ್ನು ಪ್ರತಿಯೊಂದು ಲೇಖದ ತಲೆಯಲ್ಲಿ ಒಂದು ಪಂಕ್ತಿಯಾಗಿ ಬರೆದರೆ ಸಾಕು. ೨೦೨೧ರಲ್ಲಿ ಇದು ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾಯಿತು. ರೈಸರು ಶಾಸನಗಳಿಗೆ ತಾಲ್ಲೂಕಿನ ಹೆಸರನ್ನೂ ಸಂಖ್ಯೆಯನ್ನೂ ಕೊಟ್ಟ ಕ್ರಮವು ಇದಕ್ಕೆ ಸದೃಶವಾದುದು. ಗೌರಿಬಿದನೂರಿನ ಇಷ್ಟನೆಯ ಶಾಸನವೆಂದರೆ ಇಂದಿಗೂ ವಿದ್ವಾಂಸರಿಗೆ ಅನುಮಾನವಿಲ್ಲದೆ ತಿಳಿಯುವುದು. ೨೦೦೭ರಲ್ಲಿ ಈ ತಾಲ್ಲೂಕುಗಳು ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದುವು. ಆದರೂ ಉಲ್ಲೇಖವು ಕೆಡಲಿಲ್ಲ.

(೬)

ಈ ವ್ಯವಸ್ಥೆಯೆಲ್ಲ ಕೀರ್ತಿಗಾಗಿ ಮಾತ್ರವೆಂದು ತಿಳಿದವರಿಗೆ ಎರಡು ಘಟನೆಗಳು ಉತ್ತರವಾಗಿವೆ. ೨೦೦೨ರ ಮಾರ್ಚಿನಲ್ಲಿ ಮೇಲೆ ಹೇಳಿದ ಝಡ್‌ಲಿಬ್‌ನಲ್ಲಿ ಒಂದು ಅಪಾಯಕರವಾದ ದೋಷವು ಬೆಳಕಿಗೆ ಬಂದಿತು. ಮೂಲವನ್ನು ತಿದ್ದಿ ಹೊಸ ಆವೃತ್ತಿಯನ್ನು ಬೇಗನೆ ಪ್ರಕಟಿಸಿದರು. ಆದರೆ ಝಡ್‌ಲಿಬ್‌ನ ಪ್ರತಿಗಳು ಅಸಂಖ್ಯಾತ ತಂತ್ರಾಂಶಗಳ ಒಡಲಲ್ಲಿ ಸೇರಿಹೋಗಿದ್ದುವು. ಅವನ್ನು ಒಂದೊಂದಾಗಿ ಹುಡುಕಿ ತಿದ್ದಬೇಕಾಯಿತು. ೨೦೨೧ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಅಂತರ್ಗತ ಭಾಗದ ದೋಷವು ಪ್ರಕಟವಾದಾಗಲೂ ಲೋಕದ ಸಂಸ್ಥೆಗಳಿಗೆ ಮೊದಲು ಎದುರಾದ ಪ್ರಶ್ನೆಯು, ಅದು ನಮ್ಮಲ್ಲಿ ಇದೆಯೇ, ಇದ್ದರೆ ಎಲ್ಲಿ ಎಂಬುದೇ. ಒಳಗಿರುವ ಭಾಗಗಳ ಪಟ್ಟಿಯು ಸರಿಯಾಗಿದ್ದವರು ಬೇಗ ಉತ್ತರವನ್ನು ಕಂಡರು. ಇಲ್ಲದವರು ತಮ್ಮ ಮನೆಯನ್ನೇ ಶೋಧಿಸಬೇಕಾಯಿತು. ಪ್ರಾಚೀನ ಕಾವ್ಯವೊಂದರ ಪಾಠವನ್ನು ಪರಿಷ್ಕರಿಸಿದಾಗ, ಅದರಿಂದ ಹೆಸರಿಲ್ಲದೆ ಎತ್ತಿಕೊಂಡ ಪದ್ಯಗಳು ಯಾವ ಯಾವ ಸಂಕಲನಗಳಲ್ಲಿ ಹಳೆಯ ಅಪಪಾಠದೊಡನೆ ಉಳಿದಿರುವುವೋ ಎಂದು ಹುಡುಕುವ ಸಂಪಾದಕನ ಪಾಡೂ ಇದೇ.

ಕನ್ನಡಕ್ಕೇ ಸಂಬಂಧಿಸಿದ ಇನ್ನೊಂದು ನಿದರ್ಶನವನ್ನು ಹೇಳಬಹುದು. ಕಿನ್ನಿಕಂಬಳ ಪದ್ಮನಾಭರಾಯರು ಕನ್ನಡಕ್ಕಾಗಿ ಉಚ್ಚಾರಣಾನುಸಾರಿಯಾದ ಒಂದು ಕೀಲಿಮಣೆಯ ವಿನ್ಯಾಸವನ್ನು ರಚಿಸಿ ಲೋಕಕ್ಕೆ ಉಚಿತವಾಗಿ ಬಿಟ್ಟರು. ತಮ್ಮ ಲಿಪಿತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ಸೇಡಿಯಾಪು ಎಂದೇ ಹೆಸರಿಟ್ಟರು. ಆ ವಿನ್ಯಾಸವನ್ನು ಕರ್ನಾಟಕ ಸರ್ಕಾರವು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಅದು ವ್ಯಾಪಕವಾಗಿ ಬಳಕೆಗೆ ಬಂದಿತು. ಮುಂದೆ ಲಿನಕ್ಸ್ ವ್ಯವಸ್ಥೆಯ ಕೀಲಿಮಣೆಗಳ ಸಂಗ್ರಹದಲ್ಲಿ ಅದು ಕಗಪ ಎಂಬ ಹೆಸರಿನಿಂದ ಸೇರಿತು. ಕನ್ನಡಕ್ಕೆ ಮಾತ್ರವಲ್ಲದೆ ತೆಲುಗು, ಹಿಂದಿ, ಮರಾಠಿ, ಸಂಸ್ಕೃತಗಳಿಗೂ ಕಗಪ ವಿನ್ಯಾಸಗಳು ಅಲ್ಲಿವೆ. ತೆಲು‌ಗು ಕನ್ನಡಗಳೆರಡೂ ಬೆರೆತಿರುವ ಚಿಂತಾಮಣಿಯ ಕಡೆಯ ವಿದ್ಯಾರ್ಥಿಯು ಕೈವಾರದ ತಾತಯ್ಯನವರ ಎರಡು ಭಾಷೆಗಳ ಪದಗಳನ್ನೂ ಒಂದೇ ಕ್ರಮದಲ್ಲಿ ಬೆರಳಚ್ಚು ಮಾಡುವಂತಾದುದು ಸಂತೋಷದ ವಿಷಯ. ಕಗಪ ಎಂಬ ಮೂರಕ್ಷರಗಳಲ್ಲಿ ಪರಿಷತ್ತಿನ ಹೆಸರು ಉಳಿದುದೂ ನ್ಯಾಯವೇ. ಆದರೆ ಆ ಹೆಸರು ಹತ್ತಿರದ ಋಣವನ್ನು ಮಾತ್ರ ಹೇಳುವುದು. ಅದಕ್ಕೂ ಹಿಂದಿನ ಪದ್ಮನಾಭರಾಯರ ಋಣವನ್ನು ಹೇಳುವುದಿಲ್ಲ. ಸಂಸ್ಕೃತವನ್ನು ಆ ವಿನ್ಯಾಸದಲ್ಲಿ ಬರೆಯುವ ಕಾಶಿಯ ವಿದ್ವಾಂಸನಿಗೆ ತನ್ನ ಬೆರಳುಗಳು ಯಾರ ಕ್ರಮವನ್ನು ಅನುಸರಿಸುತ್ತಿವೆಯೆಂದು ಹೆಸರಿನಿಂದ ತಿಳಿಯಲಾರದು. ಪರಂಪರೆಯಲ್ಲಿ ಹತ್ತಿರದ ಕೊಂಡಿಯೊಂದನ್ನೇ ಹೆಸರಿಸಿದರೆ ಉಳಿದ ಕೊಂಡಿಗಳು ಕಾಲಕ್ರಮದಲ್ಲಿ ಕಳಚುವುವು. ಅಂತರ್ಗತ ಭಾಗದೊಳಗೆ ಮತ್ತೊಂದು ಅಂತರ್ಗತ ಭಾಗವಿದ್ದರೆ ಅದರ ಸೂಚನೆಯನ್ನೂ ಸಾಗಿಸಬೇಕೆಂಬ ನಿಯಮದ ಅಭಿಪ್ರಾಯವು ಇದೇ.

(೭)

ಇಷ್ಟು ವಿಚಾರದಿಂದ ಗ್ರಂಥಸಂಪಾದಕರೂ ಅಧ್ಯಾಪಕರೂ ಸ್ವೀಕರಿಸಬಹುದಾದ ಕ್ರಮವು ಹೀಗಿದೆ. ಮೊದಲನೆಯದಾಗಿ, ಎತ್ತಿಕೊಂಡ ಪ್ರತಿಯೊಂದು ಭಾಗದ ಋಣವನ್ನು ಆ ಭಾಗದ ಬಳಿಯಲ್ಲಿಯೇ ಹೇಳಬೇಕು. ಪೀಠಿಕೆಯ ನಾಮಾವಳಿಯೊಂದೇ ಸಾಲದೆಂಬುದಕ್ಕೆ ಶಬ್ದಮಣಿದರ್ಪಣವೇ ಸಾಕ್ಷಿ. ಎರಡನೆಯದಾಗಿ, ತಾನು ತಿದ್ದಿದುದನ್ನು ತಿದ್ದಿದೆನೆಂದು ಹೇಳಬೇಕು. ತಿದ್ದಿದ ಶಾಸನಪಾಠವನ್ನು ೧೯೦೫ರ ಪಾಠವೆಂದು ಉಲ್ಲೇಖಿಸುವುದು ರೈಸರಿಗೂ ಅನ್ಯಾಯ, ತಿದ್ದಿದವನಿಗೂ ಅನ್ಯಾಯ. ಮೂರನೆಯದಾಗಿ, ಹತ್ತಿರದ ಆಕರದೊಡನೆ ಅದರ ಹಿಂದಿನ ಆಕರವನ್ನೂ ಹೇಳಬೇಕು. ನಾಲ್ಕನೆಯದಾಗಿ, ಶಾಸನಪಾಠಗಳನ್ನು ಗಣಕದ ಮೂಲಕ ಪ್ರಕಟಿಸುವವರು ಅಕ್ಷರಗಳನ್ನು ಗುರುತಿಸಿದ ತಂತ್ರಾಂಶ, ಅದರ ಆವೃತ್ತಿ, ಬಳಸಿದ ಫಾಂಟು, ಅವುಗಳ ಲೈಸೆನ್ಸು ಇವನ್ನು ಒಂದು ಪತ್ರದಲ್ಲಿ ಬರೆದು ಪಾಠದೊಡನೆ ಇಡಬೇಕು. ಒಂದು ತಂತ್ರಾಂಶವು ಯಾವುದೋ ಸಂಯುಕ್ತಾಕ್ಷರವನ್ನು ತಪ್ಪಾಗಿ ಓದುವುದೆಂದು ಮುಂದೆ ತಿಳಿದುಬಂದರೆ, ಆ ಪತ್ರವಿದ್ದ ಕಡೆ ತಿದ್ದುವುದು ಒಂದು ದಿನದ ಕೆಲಸ. ಇಲ್ಲದ ಕಡೆ ಅದು ಒಂದು ತಲೆಮಾರಿನ ಕೆಲಸವಾಗುವುದು.

ನಾಲ್ಕು ತಾಲ್ಲೂಕುಗಳ ಶಾಸನಗಳು ಕಲ್ಲಿನಿಂದ ಅಚ್ಚಿಗೆ ಬಂದು ನೂರಿಪ್ಪತ್ತು ವರ್ಷಗಳಾದುವು. ಕಲ್ಲುಗಳಲ್ಲಿ ಕೆಲವು ಸವೆದಿರುವುವು, ಕೆಲವು ಸ್ಥಳವನ್ನು ಬಿಟ್ಟಿರುವುವು. ಅಂತಹವುಗಳಿಗೆ ಅಚ್ಚಿನ ಪಾಠವೇ ಆಧಾರ. ಅಚ್ಚಿನಿಂದ ಗಣಕಕ್ಕೆ ಸಾಗುವ ಈ ಎರಡನೆಯ ಪ್ರಯಾಣದಲ್ಲಿ ಪಾಠವು ಸುರಕ್ಷಿತವಾಗಿ ತಲಪಿದರೂ, ಅದನ್ನು ಹೊತ್ತು ತಂದವರ ಹೆಸರೂ ನಿಬಂಧನೆಗಳೂ ದಾರಿಯಲ್ಲಿ ಬಿದ್ದುಹೋದರೆ, ಮುಂದಿನ ವಿದ್ವಾಂಸರು ನಮ್ಮ ಗ್ರಂಥಗಳೆದುರಿಗೆ, ನಾವು ಇಂದು ಮನಸಿಜ ಚಂದ್ರಭಟ್ಟರ ಪದ್ಯಗಳಿಗಾಗಿ ಕೇಶಿರಾಜನ ವೃತ್ತಿಯೆದುರಿಗೆ ಕುಳಿತಂತೆ, ಕುಳಿತುಕೊಳ್ಳಬೇಕಾಗುವುದು. ಅದನ್ನು ತಪ್ಪಿಸುವುದಕ್ಕೆ ಬೇಕಾದುದು ಪ್ರತಿಯೊಂದು ಭಾಗದ ತಲೆಯಲ್ಲಿ ಒಂದು ಪಂಕ್ತಿ ಮಾತ್ರ.